ಬೇಕಲದ ಕಡಲ ಬದಿಯಲ್ಲಿ ಸೈಕಲ್: ದುರಸ್ತಿಯ ದುಡ್ಡು ಎಲ್ಲಿಂದ?

ಕೇರಳ ಸರಕಾರದ ಕರಾವಳಿ ಹೆದ್ದಾರಿ ಯೋಜನೆಯಲ್ಲಿ ಸೈಕಲಿಗೂ ಒಂದು ಜಾಗ ಇಟ್ಟಿದ್ದಾರೆ. ಮಂಜೇಶ್ವರದ ಕುಂಜತ್ತೂರಿನಿಂದ ಹೊರಟು ತಿರುವನಂತಪುರ ಜಿಲ್ಲೆಯ ಪೂವಾರ್ ತನಕ ಹೋಗುವ ದಾರಿ ಇದು. ಉದ್ದ ಸುಮಾರು 623 ಕಿಲೋಮೀಟರ್, ಅಗಲ 14 ಮೀಟರ್, ದಾಟುವ ಜಿಲ್ಲೆಗಳು 9. ಪಕ್ಕದಲ್ಲಿ ಸೈಕಲ್ ಟ್ರ್ಯಾಕ್. ಸುಮಾರು 50 ಕಿಲೋಮೀಟರಿಗೊಂದರಂತೆ ತಂಗುದಾಣ, ಹೋಟೆಲು, ಗಾಡಿ ಚಾರ್ಜ್ ಮಾಡುವ ವ್ಯವಸ್ಥೆ. ಕಾಗದದಲ್ಲಿ ನೋಡಲು ಚಂದವೇ. ಕೆಲಸ ಮಾತ್ರ ಎಲ್ಲ ಕಡೆ ಒಂದೇ ವೇಗದಲ್ಲಿ ನಡೆಯುತ್ತಿಲ್ಲ.

ಇಷ್ಟು ಉದ್ದದ ದಾರಿಯಲ್ಲಿ ನಾನು ಇಲ್ಲಿ ಹೇಳಹೊರಟಿರುವುದು ಒಂದು ಚಿಕ್ಕ ತುಂಡಿನ ಬಗ್ಗೆ. ಕಾಸರಗೋಡು ಪೇಟೆಯಿಂದ ಚಂದ್ರಗಿರಿ ಸೇತುವೆ ದಾಟಿ ಬೇಕಲಕ್ಕೆ 16 ಕಿಲೋಮೀಟರ್. ಅಲ್ಲಿಂದ ಹೊಸದುರ್ಗಕ್ಕೆ, ಅಂದರೆ ಕಾಞಂಗಾಡಿಗೆ, ಇನ್ನೊಂದು 12. ಈ 28 ಕಿಲೋಮೀಟರಿನಲ್ಲಿ ಕೆಳದಿ ನಾಯಕರ ಮೂರು ಕೋಟೆಗಳು ಸಿಗುತ್ತವೆ: ಹೊಳೆ ದಾಟಿದ ಕೂಡಲೇ ಚಂದ್ರಗಿರಿ, ನಡುವೆ ಬೇಕಲ, ಕೊನೆಗೆ ಹೊಸದುರ್ಗ. ಬಲಗಡೆ ಕಡಲು ಒಮ್ಮೆ ಕಾಣುತ್ತದೆ, ಒಮ್ಮೆ ತೆಂಗಿನ ತೋಟದ ಹಿಂದೆ ಹೋಗುತ್ತದೆ. ಉತ್ತರ ಕೇರಳದಲ್ಲಿ ಸೈಕಲಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಗೊತ್ತಿಲ್ಲ.

ಟ್ರ್ಯಾಕ್ ಮಾಡಲು ದುಡ್ಡು ಒಂದಲ್ಲ ಒಂದು ದಿನ ಬರುತ್ತದೆ. ಯೋಜನೆ, ಸಾಲ, ಉದ್ಘಾಟನೆ ಇವೆಲ್ಲ ನಮ್ಮಲ್ಲಿ ಆಗುವ ಕೆಲಸಗಳೇ. ಬಾರದೆ ಉಳಿಯುವುದು ಆಮೇಲಿನ ವರ್ಷಗಳಲ್ಲಿ ಟ್ರ್ಯಾಕಿನ, ಅದರ ಬದಿಯ ಕೋಟೆಗಳ ದುರಸ್ತಿಯ ದುಡ್ಡು. ಅದನ್ನು ಮೊದಲೇ ಗೊತ್ತುಮಾಡದೆ ಟ್ರ್ಯಾಕ್ ಹಾಕಿದರೆ ಸೈಕಲ್ ಸವಾರಿ ಬೇಲಿ ಹಾಕಿದ ಹಾಳು ಗೋಡೆಯ ಮುಂದೆ ಸಾಗಬೇಕಾಗುತ್ತದೆ. ಇದು ಊಹೆಯಲ್ಲ. ಇಂಗ್ಲೆಂಡಿನ ಒಂದು ಊರಿನಲ್ಲಿ ಹೀಗೇ ಆಗಿದೆ. ಅಲ್ಲಿಗೆ ಹೋಗುವ ಮೊದಲು ನಮ್ಮ ಗೋಡೆ ನೋಡೋಣ.

ಮುರಕಲ್ಲು ಮತ್ತು ಉಪ್ಪು

ಬೇಕಲ ಕೋಟೆ ಸುಮಾರು 1650ರಲ್ಲಿ ಶಿವಪ್ಪ ನಾಯಕನ ಕಾಲದಲ್ಲಿ ಎದ್ದದ್ದು. ಸುಮಾರು 40 ಎಕರೆ. ಕೇರಳದಲ್ಲೇ ದೊಡ್ಡ ಕೋಟೆ. ಹೊರಗೋಡೆಯ ಮುಕ್ಕಾಲು ಪಾಲು ಕಡಲಿಗೆ ಮುಖ ಮಾಡಿದೆ. ಕೋಟೆಯ ಒಳಗೆ ಅರಮನೆ ಇದ್ದ ಗುರುತು ಕಡಿಮೆ, ಕಾವಲಿಗೆ ಬೇಕಾದ್ದೇ ಜಾಸ್ತಿ: ವೀಕ್ಷಣಾ ಗೋಪುರ, ಮದ್ದಿನ ಮನೆ, ಮೆಟ್ಟಿಲಿರುವ ಕೆರೆ, ಗೋಡೆಯಲ್ಲಿ ಬೇರೆ ಬೇರೆ ಎತ್ತರಕ್ಕೆ ಕೊರೆದ ಕಿಂಡಿಗಳು. ದೂರದ ಹಡಗಿಗೆ ಒಂದು ಕಿಂಡಿ, ದಡ ಹತ್ತಿದವನಿಗೆ ಇನ್ನೊಂದು. 1763ರಲ್ಲಿ ಹೈದರಾಲಿ, 1799ರಲ್ಲಿ ಕಂಪನಿ ಸರಕಾರ. ಆಮೇಲೆ ಇದು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಿನ ಕೇಂದ್ರವಾಯಿತು. ಬೇಕಲ ತಾಲೂಕು ಹೋಗಿ ಕಾಸರಗೋಡು ತಾಲೂಕು ಆದದ್ದು 1860ರ ದಶಕದಲ್ಲಿ. ಕೋಟೆ ಕಾಯಲು ನಾಯಕರು ಕರೆತಂದ ರಾಮಕ್ಷತ್ರಿಯ ಕುಟುಂಬಗಳು ಬೇಕಲ, ಹೊಸದುರ್ಗದ ಕಡೆ ಈಗಲೂ ಇವೆ. ಮಲಯಾಳದ ನಡುವೆ ಅವರ ಮನೆಯಲ್ಲಿ ಕನ್ನಡ ಉಳಿದದ್ದು ಈ ಕೋಟೆಗಳ ದೆಸೆಯಿಂದಲೇ.

ಗೋಡೆ ಪೂರ್ತಿ ಮುರಕಲ್ಲಿನದು. ನಮ್ಮ ಊರಲ್ಲಿ ಇದರ ಗುಣ ಹೇಳಿಕೊಡಬೇಕಾಗಿಲ್ಲ. ಪಣೆಯಿಂದ ತೆಗೆಯುವಾಗ ಮೆತ್ತಗೆ, ಕತ್ತಿಯಲ್ಲೂ ಕೆತ್ತಬಹುದು. ಗಾಳಿ ತಾಗಿದ ಮೇಲೆ ಗಟ್ಟಿ. 1801ರ ಜನವರಿಯಲ್ಲಿ ಈ ದಾರಿಯಲ್ಲೇ ಹೋದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟವರು. ಅವರು ಅದನ್ನು ಮೊದಲು ಗುರುತಿಸಿದ್ದು ಮಲಪ್ಪುರಂ ಕಡೆಯ ಅಂಗಾಡಿಪ್ಪುರಂನಲ್ಲಿ.

ಆದರೆ ಮುರಕಲ್ಲಿನ ಮೈತುಂಬ ತೂತು. ಕಡಲಿನ ಗಾಳಿಯಲ್ಲಿ ಬರುವ ಉಪ್ಪುನೀರು ಒಳಗೆ ಇಳಿಯುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಹರಳುಗಟ್ಟುತ್ತದೆ. ಹರಳು ಬೆಳೆದಂತೆ ಒಳಗಿನಿಂದ ಒತ್ತುತ್ತದೆ. ಮಳೆ ಬಂದಾಗ ಕರಗಿ ಇನ್ನೂ ಒಳಗೆ ಹೋಗುತ್ತದೆ. ಮತ್ತೆ ಬೇಸಿಗೆ, ಮತ್ತೆ ಹರಳು. ಹೀಗೆ ವರ್ಷ ವರ್ಷ ಕಲ್ಲಿನ ಮುಖ ಪುಡಿಪುಡಿಯಾಗಿ ಉದುರುತ್ತದೆ. ಮೇಲಿನಿಂದ ಅಶ್ವತ್ಥದ ಗಿಡ ಬೇರು ಬಿಟ್ಟರೆ ಮುಗಿಯಿತು. ಹಕ್ಕಿ ಹಾಕಿದ ಒಂದು ಬೀಜ ಸಾಕು, ಹತ್ತು ವರ್ಷದಲ್ಲಿ ಗೋಡೆ ಎರಡು ಸೀಳು.

ಇಂಥ ಗೋಡೆಗೆ ಸಿಮೆಂಟ್ ಬಳಿಯುವುದು ಕೆಟ್ಟ ಕೆಲಸ. ಸಿಮೆಂಟ್ ನೀರನ್ನು ಹೊರಗೆ ಬಿಡುವುದಿಲ್ಲ. ಹೊರಗೆ ದಾರಿ ಸಿಗದ ನೀರು ಕಲ್ಲಿನ ಮೂಲಕವೇ ಹೊರಟು ಕಲ್ಲನ್ನೇ ತಿನ್ನುತ್ತದೆ. ಸುಣ್ಣದ ಗಾರೆ ಹಾಗಲ್ಲ. ಅದು ಕಲ್ಲಿಗಿಂತ ಮೆತ್ತಗೆ, ನೀರು ಅದರ ಮೂಲಕ ಹೋಗುತ್ತದೆ, ಕೆಟ್ಟರೆ ಗಾರೆ ಕೆಡುತ್ತದೆ. ಕೆಟ್ಟ ಗಾರೆಯನ್ನು ಕೆರೆದು ಮತ್ತೆ ತುಂಬಬಹುದು. ಹಿಂದೆ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಈ ಕೆಲಸ ಅಗ್ಗವೇ, ಆದರೆ ಪದೇ ಪದೇ ಮಾಡಬೇಕು. ಪ್ರತಿ ಮಳೆಗಾಲದ ಮೊದಲು ಗಿಡ ಕಿತ್ತು, ನೀರು ಹೋಗುವ ತೂಬು ಬಿಡಿಸಿ, ಸಂದು ತುಂಬಬೇಕು. ಸರಕಾರದ ಲೆಕ್ಕದಲ್ಲಿ ಇದಕ್ಕೆ ಗೌರವ ಕಡಿಮೆ. ಐದು ಸಾವಿರ ರೂಪಾಯಿಯ ಗಿಡ ಕೀಳುವ ಕೆಲಸಕ್ಕೆ ಯಾವ ಮಂತ್ರಿ ರಿಬ್ಬನ್ ಕತ್ತರಿಸುತ್ತಾರೆ ಹೇಳಿ?

ಬೇಕಲ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಕೈಯಲ್ಲಿದೆ. 1990ರ ದಶಕದ ಕೊನೆಗೆ ಅಲ್ಲಿ ಉತ್ಖನನವೂ ನಡೆಯಿತು. ಆದ್ದರಿಂದ ಗೋಡೆ ಒಂದು ಮಟ್ಟಿಗೆ ನಿಂತಿದೆ, ಹುಲ್ಲುಹಾಸು ಇದೆ, ಟಿಕೆಟ್ ಇದೆ. ಚಂದ್ರಗಿರಿ ರಾಜ್ಯ ಪುರಾತತ್ವ ಇಲಾಖೆಯದು. ಅಲ್ಲಿಗೆ ಬೇಕಲದಷ್ಟು ಜನ ಬರುವುದಿಲ್ಲ, ಅಷ್ಟು ದುಡ್ಡೂ ಬರುವುದಿಲ್ಲ. ಹೊಳೆ ಕಡಲು ಸೇರುವುದನ್ನು ನೋಡಲು ಅಷ್ಟು ಒಳ್ಳೆಯ ಜಾಗ ಬೇರೆ ಇಲ್ಲ, ಆದರೂ. ಹೊಸದುರ್ಗದಲ್ಲಿ ಕೋಟೆಯ ಬುರುಜುಗಳ ನಡುವೆ ಪೇಟೆಯೇ ಬೆಳೆದಿದೆ. ಉತ್ತರಕ್ಕೆ ಕುಂಬಳೆಯ ಆರಿಕ್ಕಾಡಿ ಕೋಟೆಯಂತೂ ಹೆದ್ದಾರಿಯ ಪಕ್ಕದಲ್ಲೇ ಇದ್ದರೂ ಎಷ್ಟೋ ಜನ ನೋಡದೆ ದಾಟಿ ಹೋಗುತ್ತಾರೆ. 2025ರ ಜನವರಿಯಲ್ಲಿ ಅಲ್ಲಿನ ಬಾವಿಯಲ್ಲಿ ನಿಧಿ ಹುಡುಕುತ್ತಿದ್ದವರು ಸಿಕ್ಕಿಬಿದ್ದಾಗ ಒಂದು ವಾರ ಸುದ್ದಿಯಾಯಿತು. ಪಾಳುಬಿದ್ದ ಕೋಟೆಗೆ ಪೇಪರಿನಲ್ಲಿ ಜಾಗ ಸಿಗಬೇಕಾದರೆ ಕಳ್ಳರೇ ಬರಬೇಕು.

ಬ್ರೈಟನ್ ಕಥೆ

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಬ್ರೈಟನ್ ಅಂತ ಒಂದು ಊರು. ಅಲ್ಲಿ ಕಡಲ ಬದಿಗೆ ಮಡೀರಾ ಡ್ರೈವ್ ಎಂಬ ರಸ್ತೆ. ರಸ್ತೆಯ ಒಂದು ಬದಿ ಕಲ್ಲುಗುಂಡಿನ ದಡ, ಇನ್ನೊಂದು ಬದಿ ಎತ್ತರದ ದರೆ. ದರೆಗೆ ಒರಗಿಕೊಂಡು ಎರಕದ ಕಬ್ಬಿಣದ ಕಮಾನುಗಳ ಸಾಲು. ಹೆಸರು ಮಡೀರಾ ಟೆರೇಸ್. 1890ರಿಂದ 1897ರ ನಡುವೆ ಕಟ್ಟಿದ್ದು. ಉದ್ದ 865 ಮೀಟರ್, ಕಮಾನು 151. ಮಳೆ ಬಂದರೆ ಕೆಳಗೆ ನಡೆಯಬಹುದು, ಬಿಸಿಲಿದ್ದರೆ ಮೇಲೆ. ಊರಿನ ಮುನ್ಸಿಪಾಲಿಟಿ ಎಂಜಿನಿಯರೇ ನಕ್ಷೆ ಮಾಡಿದ್ದರು. ಪಕ್ಕದಲ್ಲಿ 1883ರಿಂದ ಓಡುತ್ತಿರುವ ಪುಟ್ಟ ವಿದ್ಯುತ್ ರೈಲೂ ಇದೆ.

ಕಬ್ಬಿಣಕ್ಕೂ ಉಪ್ಪುಗಾಳಿಗೂ ಆಗಿಬರುವುದಿಲ್ಲ. ಬಣ್ಣ ಬಳಿಯುತ್ತಲೇ ಇರಬೇಕು. ನೂರು ವರ್ಷ ಹೇಗೋ ಕಳೆಯಿತು. ಕೊನೆಗೆ 2012ರಲ್ಲಿ ಇದು ಸುರಕ್ಷಿತ ಅಲ್ಲ ಅಂತ ಮುಚ್ಚಿದರು. ಬೇಲಿ ಬಂತು. 2017ರಲ್ಲಿ ಊರವರು ಸೇರಿ ಚಂದಾ ಎತ್ತಿದರು. ನಾಲ್ಕು ಲಕ್ಷ ಪೌಂಡಿಗೂ ಹೆಚ್ಚು ಕೂಡಿತು. ಆಗ ಇಟ್ಟುಕೊಂಡ ಗುರಿ ಮೂರು ಕಮಾನು. 2020ರಲ್ಲಿ ಕಟ್ಟಡಕ್ಕೆ ರಕ್ಷಣೆಯ ದರ್ಜೆ ಏರಿಸಿದರು. ಆದರೆ ದರ್ಜೆ ಏರಿಸಿದ್ದರಿಂದ ತುಕ್ಕು ನಿಲ್ಲಲಿಲ್ಲ. ಕೊನೆಗೂ ನಿಜವಾದ ಕೆಲಸ ಶುರುವಾದದ್ದು 2024ರ ಕೊನೆಗೆ. ಮೊದಲ ಹಂತದಲ್ಲಿ 28 ಕಮಾನು, ಒಂದು ಲಿಫ್ಟು, ಮೆಟ್ಟಿಲು. ಖರ್ಚು ಸುಮಾರು 1.2 ಕೋಟಿ ಪೌಂಡ್.

ಲೆಕ್ಕ ಹಾಕಿ ನೋಡಿ. 2017ರಲ್ಲಿ ಒಂದು ಕಮಾನಿಗೆ ಸುಮಾರು ಒಂದೂವರೆ ಲಕ್ಷ ಪೌಂಡ್ ಸಾಕು ಅಂದುಕೊಂಡಿದ್ದರು. ಈಗ ನಾಲ್ಕು ಲಕ್ಷ ದಾಟಿದೆ. ಲಿಫ್ಟಿನ ಖರ್ಚು ಕಳೆದರೂ ಅಂತರ ದೊಡ್ಡದೇ. ಉಳಿದ 123 ಕಮಾನಿನ ಲೆಕ್ಕ ಬೇರೆ. ಬಣ್ಣಕ್ಕೆ ಕೊಡದ ದುಡ್ಡು ಎಲ್ಲಿಗೂ ಹೋಗಿರಲಿಲ್ಲ, ಬಡ್ಡಿ ಬೆಳೆಸಿಕೊಂಡು ಅಲ್ಲೇ ಇತ್ತು.

ಈಗ ಸೈಕಲಿನ ವಿಷಯ. 2020ರ ಏಪ್ರಿಲಿನಲ್ಲಿ, ಕೊರೊನಾ ಕಾಲದಲ್ಲಿ, ಮಡೀರಾ ಡ್ರೈವನ್ನು ಬೆಳಗ್ಗೆ 8ರಿಂದ ರಾತ್ರಿ 8ರ ತನಕ ಕಾರುಗಳಿಗೆ ಮುಚ್ಚಿದರು. ಜನ ನಡೆದರು, ಮಕ್ಕಳು ಸೈಕಲ್ ಕಲಿತರು. ಕೆಲವು ತಿಂಗಳ ನಂತರ ಕಾರುಗಳು ಮರಳಿದವು, ಆದರೆ ಒಂದೇ ದಿಕ್ಕಿಗೆ. ಬಿಟ್ಟ ಜಾಗದಲ್ಲಿ ಎರಡೂ ದಿಕ್ಕಿಗೆ ಸೈಕಲ್ ದಾರಿ ಬಂತು. ಹೊಸ ರಸ್ತೆ ಕಟ್ಟಲಿಲ್ಲ. ಇದ್ದ ರಸ್ತೆಯಲ್ಲೇ ಗೆರೆ ಎಳೆದು ಹಂಚಿಕೊಂಡರು. ಇದನ್ನು ನಾವು ಕಲಿಯಬಹುದು. ಇದೇ ರಸ್ತೆಯಲ್ಲಿ ಪ್ರತಿ ನವೆಂಬರಿನಲ್ಲಿ ಲಂಡನ್ನಿನಿಂದ ಹೊರಟ ಹಳೇ ಕಾರುಗಳ ಓಟ ಕೊನೆಯಾಗುತ್ತದೆ. ಲಂಡನ್–ಬ್ರೈಟನ್ ಸೈಕಲ್ ಸವಾರಿಯೂ ಅಲ್ಲಿಗೇ ಬಂದು ನಿಲ್ಲುತ್ತದೆ. ಹಾಗಾಗಿ ರಸ್ತೆ ಯಾರದು ಎಂಬ ಜಗಳ ಅಲ್ಲೂ ಮುಗಿದಿಲ್ಲ, ಮುಗಿಯುವುದೂ ಇಲ್ಲ.

ಆದರೆ ಅಲ್ಲಿ ಸೈಕಲ್ ತುಳಿಯುವವರ ಒಂದು ಬದಿ ಕಡಲು, ಇನ್ನೊಂದು ಬದಿ ಬೇಲಿ. ದಾರಿಗೆ ಗೆರೆ ಎಳೆಯಲು ಕೆಲವು ತಿಂಗಳು ಸಾಕಾಯಿತು. ಕಮಾನಿನ ದುರಸ್ತಿ ಶುರುವಾಗಲು 12 ವರ್ಷ ಬೇಕಾಯಿತು. ನಮ್ಮ ಟ್ರ್ಯಾಕಿನ ಬಗ್ಗೆ ನನಗಿರುವ ಹೆದರಿಕೆ ಇದೇ.

ಕಡಲು ನಿಂತಲ್ಲಿ ನಿಲ್ಲುವುದಿಲ್ಲ

ಬ್ರೈಟನ್ನಿಗೆ ದರೆಯ ಆಸರೆ ಇದೆ. ನಮ್ಮದು ಮರಳಿನ ದಡ. ಮರಳು ಮಳೆಗಾಲದಲ್ಲಿ ಹೋಗುತ್ತದೆ, ಬೇಸಿಗೆಯಲ್ಲಿ ಬರುತ್ತದೆ. ಹೋದಷ್ಟು ಬಾರದಿದ್ದರೆ ಅದು ಕಡಲ್ಕೊರೆತ. ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರ ತನಕದ ಉಪಗ್ರಹ ಚಿತ್ರಗಳನ್ನು ಇಟ್ಟು ಅಳೆದಿದೆ. ಕೇರಳದ ದಡದಲ್ಲಿ ಶೇ. 46ರಷ್ಟು ಕೊರೆಯುತ್ತಿದೆ ಅಂತ ಅದರ ಲೆಕ್ಕ. ಇಡೀ ದೇಶದ ಲೆಕ್ಕ ಶೇ. 34ರ ಹತ್ತಿರ.

ಅಂಕಿ ಬೇಡವಾದರೆ ಉಪ್ಪಳದ ಮುಸೋಡಿಗೆ ಹೋಗಿ. ತೆಂಗು, ಮನೆ, ರಸ್ತೆ ಹೋದ ಜಾಗ ತೋರಿಸುತ್ತಾರೆ. ಶಿರಿಯ, ಕೊಯಿಪ್ಪಾಡಿ, ಕೀಯೂರು ಎಲ್ಲ ಕಡೆ ಇದೇ ಮಾತು. ನಾವು ಹೇಳುತ್ತಿರುವ ದಾರಿಯಲ್ಲೇ ಬೇಕಲಕ್ಕೆ ಸ್ವಲ್ಪ ಮೊದಲು ತೃಕ್ಕನ್ನಾಡು ಸಿಗುತ್ತದೆ. ತ್ರ್ಯಂಬಕೇಶ್ವರ ದೇವಸ್ಥಾನ ರಸ್ತೆ ಬದಿಗೆ, ಎದುರಿಗೇ ಕಡಲು. ದೇವಸ್ಥಾನ ದೋಚಲು ಬಂದ ಪಾಂಡ್ಯ ರಾಜನ ಹಡಗು ಕಲ್ಲಾಯಿತು ಎಂದು ಹೇಳುವ ಪಾಂಡ್ಯನ್ ಕಲ್ಲು ನೀರಿನ ನಡುವೆ ಕಾಣುತ್ತದೆ. ಕಲ್ಲು ಅಲ್ಲೇ ಇದೆ, ದಡ ಮಾತ್ರ ಹಿಂದೆ ಹಿಂದೆ ಬರುತ್ತಿದೆ. ಅಲ್ಲಿ ರಸ್ತೆಗೂ ಅಲೆಗೂ ನಡುವೆ ಇನ್ನೊಂದು ಟ್ರ್ಯಾಕ್ ಮಾಡುತ್ತೇವೆ ಅಂದರೆ ಎಲ್ಲಿ ಮಾಡುತ್ತೀರಿ ಸ್ವಾಮಿ?

ಸಾಮಾನ್ಯವಾಗಿ ಬರುವ ಉತ್ತರ ತಡೆಗೋಡೆ. ದೊಡ್ಡ ದೊಡ್ಡ ಕರಿಕಲ್ಲು ತಂದು ಸುರಿಯುವುದು. ಅಲೆ ಗೋಡೆಗೆ ಬಡಿದು ಹಿಂದೆ ಹೋಗುವಾಗ ಬುಡದ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಕಲ್ಲು ಕೆಳಗೆ ಕೂರುತ್ತದೆ. ಮತ್ತೆ ಕಲ್ಲು ಬೇಕು. ಗೋಡೆ ಮುಗಿಯುವ ಜಾಗದಲ್ಲಿ ಕೊರೆತ ಇನ್ನೂ ಜೋರು. ಕಡಲೊಳಗೆ ಚಾಚಿದ ಬಂದರಿನ ದಕ್ಕೆಗಳದ್ದೂ ಇದೇ ತರಹ. ದಡದ ಉದ್ದಕ್ಕೂ ಸಾಗುವ ಮರಳನ್ನು ಅದು ಒಂದು ಬದಿಯಲ್ಲಿ ಹಿಡಿದಿಡುತ್ತದೆ, ಇನ್ನೊಂದು ಬದಿಯ ಊರಿಗೆ ಮರಳು ಸಿಗುವುದಿಲ್ಲ.

ಕೊಚ್ಚಿ ಹತ್ತಿರದ ಚೆಲ್ಲಾನಂನಲ್ಲಿ ಬೇರೆ ಪ್ರಯತ್ನ ಮಾಡಿದ್ದಾರೆ. ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡ್‌ಗಳನ್ನು ಒಂದಕ್ಕೊಂದು ಸಿಕ್ಕಿಸಿ ಸುಮಾರು 7.3 ಕಿಲೋಮೀಟರ್ ಗೋಡೆ, ಮೇಲೆ ನಡೆಯಲು ದಾರಿ. ಜನರಿಗೆ ಅದರಿಂದ ನೆಮ್ಮದಿ ಸಿಕ್ಕಿದೆ, ಅದನ್ನು ಒಪ್ಪಬೇಕು. ಯೋಜನೆಯ ಮೊತ್ತ 344 ಕೋಟಿ ರೂಪಾಯಿ. ಕಿಲೋಮೀಟರಿಗೆ ಸುಮಾರು 47 ಕೋಟಿ ಬಿತ್ತು. ಇಡೀ ಕರಾವಳಿ ಹೆದ್ದಾರಿಗೆ ಸರಕಾರ ಆರಂಭದಲ್ಲಿ ಹೇಳಿದ ಅಂದಾಜು 6,500 ಕೋಟಿ. ಅದನ್ನು 623ರಿಂದ ಭಾಗಿಸಿದರೆ ಕಿಲೋಮೀಟರಿಗೆ ಹತ್ತೂವರೆ ಕೋಟಿಯೂ ಬರುವುದಿಲ್ಲ. ಅಂದರೆ ದಡ ಕೊರೆಯುವ ಕಡೆ ರಸ್ತೆ ಕಟ್ಟುವುದಕ್ಕಿಂತ ಆ ರಸ್ತೆಯನ್ನು ಕಡಲಿನಿಂದ ಉಳಿಸಲು ನಾಲ್ಕು ಪಟ್ಟು ಖರ್ಚು. ಈ ಎರಡು ಲೆಕ್ಕವನ್ನು ಯಾರೂ ಒಂದೇ ಹಾಳೆಯಲ್ಲಿ ಬರೆದದ್ದು ನಾನು ಕಂಡಿಲ್ಲ. ಬರೆದರೆ ದಾರಿಯನ್ನು ಕೆಲವು ಕಡೆ ಒಳಗೆ ತೆಗೆದುಕೊಳ್ಳುವುದೇ ಅಗ್ಗ ಅಂತ ಗೊತ್ತಾಗುತ್ತದೆ.

ಪುದುಚೇರಿಯದು ಇನ್ನೊಂದು ಪಾಠ. ಅಲ್ಲಿನ ಹಳೇ ಕಡಲ ಬದಿ ರಸ್ತೆಯನ್ನು ಸಂಜೆ 6ರಿಂದ ಬೆಳಗ್ಗೆ 7:30ರ ತನಕ ವಾಹನಗಳಿಗೆ ಮುಚ್ಚುತ್ತಾರೆ. ಅಷ್ಟು ಹೊತ್ತು ಅದು ನಡೆಯುವವರ ರಾಜ್ಯ. ಆದರೆ 1980ರ ದಶಕದ ಕೊನೆಗೆ ಬಂದರಿನ ದಕ್ಕೆ ಬಂದ ಮೇಲೆ ಊರಿನ ಮರಳ ದಡವೇ ಹೋಗಿತ್ತು. ಬರೀ ಕಪ್ಪು ಬಂಡೆ ಉಳಿದಿತ್ತು. 2018ರ ಹೊತ್ತಿಗೆ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ನೀರಿನಡಿ ಒಂದು ದಿಬ್ಬ ಇಳಿಸಿತು. ಅದರ ಹಿಂದೆ ಮರಳು ಮತ್ತೆ ಕೂಡಿತು. 2022ರ ಮಾರ್ಚಿನಲ್ಲಿ ಅಲ್ಲಿನ ಹಳೇ ಕಡಲ ಸೇತುವೆಯ ಒಂದು ಭಾಗ ಕುಸಿದದ್ದೂ ಇದೇ ದಡದಲ್ಲಿ. ಮರಳಿಗೆ ಎಂಜಿನಿಯರುಗಳು ಬಂದರು, ಸೇತುವೆಯನ್ನು ಸಮಯಕ್ಕೆ ಸರಿಯಾಗಿ ಉಳಿಸಿಕೊಳ್ಳಲು ಆಗಲಿಲ್ಲ.

ಈಗ ಯಾರು ತುಳಿಯುತ್ತಾರೆ, ಎಲ್ಲಿ ತುಳಿಯುತ್ತಾರೆ

ಸೈಕಲ್ ಅಂದ ಕೂಡಲೇ ಹೆಲ್ಮೆಟ್ ಹಾಕಿ ಭಾನುವಾರ ಬರುವವರನ್ನು ನೆನೆಸಿಕೊಳ್ಳುತ್ತೇವೆ. ಅವರು ಬರಲಿ. ಆದರೆ ಈ ದಾರಿಯಲ್ಲಿ ಸೈಕಲ್ ತುಳಿಯುವವರಲ್ಲಿ ಶಾಲೆ ಮಕ್ಕಳಿದ್ದಾರೆ, ಹೋಟೆಲು ಮತ್ತು ಕಟ್ಟಡ ಕೆಲಸಕ್ಕೆ ದೂರದಿಂದ ಬಂದ ಹುಡುಗರಿದ್ದಾರೆ. ಅವರಿಗೆ ಸೂರ್ಯಾಸ್ತ ಬೇಕಾಗಿಲ್ಲ, ಬಸ್ಸಿನ ಚಕ್ರದಡಿ ಬೀಳದಿದ್ದರೆ ಸಾಕು.

ಕಾಸರಗೋಡು–ಕಾಞಂಗಾಡ್ ರಾಜ್ಯ ಹೆದ್ದಾರಿಯನ್ನು ವಿಶ್ವಬ್ಯಾಂಕಿನ ಸಾಲದಲ್ಲಿ ಅಗಲ ಮಾಡಿದರು. ರಸ್ತೆ ನಯವಾಯಿತು, ವೇಗ ಹೆಚ್ಚಾಯಿತು. ಸೈಕಲಿಗೆ ಬೇರೆ ಜಾಗ ಸಿಗಲಿಲ್ಲ. ಅತ್ತ ರಾಷ್ಟ್ರೀಯ ಹೆದ್ದಾರಿ 66 ತಲಪಾಡಿಯಿಂದ ಚೆಂಗಳದ ತನಕ 39 ಕಿಲೋಮೀಟರ್ ಆರು ಪಥವಾಗಿದೆ. ಅಲ್ಲಿ ಸೈಕಲಿಗೆ ಉಳಿದದ್ದು ಸರ್ವಿಸ್ ರಸ್ತೆ. ಅದರಲ್ಲೂ ಎದುರಿನಿಂದ ಬರುವ ಬೈಕು, ನಿಲ್ಲಿಸಿದ ಲಾರಿ. ಎರಡು ದೊಡ್ಡ ರಸ್ತೆ ಕಟ್ಟಿದ ಮೇಲೂ ಸೈಕಲಿನವನು ಬಿಳಿ ಗೆರೆಯ ಆಚೆ ಮಣ್ಣಿನಲ್ಲಿ ಇದ್ದಾನೆ.

ಹಾಗಾದರೆ ಕಡಲ ಬದಿಗೇ ಹೋಗೋಣ ಅಂದರೆ ಅದು ಖಾಲಿ ಜಾಗವಲ್ಲ. ಮಂಜೇಶ್ವರ, ಕುಂಬಳೆ ಕಡೆ ಮೊಗವೀರರ ಪಟ್ಣಗಳು, ತೆಂಕಕ್ಕೆ ಮುಕ್ಕುವರ, ಮಾಪಿಳ್ಳೆಯವರ ಕಡಪ್ಪುರಗಳು, ಎಲ್ಲ ಮೀನುಗಾರರ ಕೇರಿಗಳೇ. ದೋಣಿ ಎಳೆಯುವುದು, ಬಲೆ ಹರಡುವುದು, ಮೀನು ಒಣಗಿಸುವುದು ಎಲ್ಲ ದಡದಲ್ಲೇ. ಪ್ರವಾಸಿಗರಿಗೆ ದಡ ಅಂದರೆ ನೋಟ, ಮೀನುಗಾರರಿಗೆ ಅದು ಅಂಗಳ. ಅಂಗಳದ ನಡುವೆ ಕಟ್ಟೆ ಕಟ್ಟಿ ಸೈಕಲ್ ಬಿಡುತ್ತೇವೆ ಅಂದರೆ ಯಾರು ಒಪ್ಪುತ್ತಾರೆ? ಕರಾವಳಿ ಹೆದ್ದಾರಿಯ ಗಡಿಕಲ್ಲು ಹಾಕುವಾಗ ಬೇರೆ ಬೇರೆ ಜಿಲ್ಲೆಗಳಲ್ಲಿ ಎದ್ದ ವಿರೋಧಕ್ಕೆ ಮನೆ ಹೋಗುವ ಹೆದರಿಕೆ ಒಂದು ಕಾರಣ, ಈ ಅಂಗಳ ಹೋಗುವ ಹೆದರಿಕೆ ಇನ್ನೊಂದು.

ರೈಲಿನ ಹಳಿಯನ್ನೂ ಮರೆಯಬಾರದು. ಪಾಲಕುನ್ನು ಪೇಟೆಯಿಂದ ಕೋಟಿಕುಳಂ ದಡಕ್ಕೆ ಹೋಗುವವರು ಗೇಟಿನಲ್ಲಿ ಕಾಯುವುದು ಎಷ್ಟೋ ವರ್ಷಗಳ ಕಥೆ. ಮೇಲ್ಸೇತುವೆಯ ಮಾತು ಕೇಳಿ ಕೇಳಿ ಜನರಿಗೆ ಸಾಕಾಗಿದೆ. ಅಗಲದ ಮೇಲ್ಸೇತುವೆ ಬರಲು ತಡವಾದರೆ ಸೈಕಲ್, ನಡೆಯುವವರಿಗೆ ಅಂತ ಒಂದು ಕಿರಿದಾದ ಕೆಳದಾರಿ ಸಾಕು. ಆದರೆ ಅಂಥ ಚಿಕ್ಕ ಕೆಲಸಕ್ಕೆ ಯಾರೂ ನಕ್ಷೆ ಮಾಡುವುದಿಲ್ಲ.

ಒಂದು ದಡ, ಎಷ್ಟು ಯಜಮಾನರು

ಬೇಕಲದ ಸುತ್ತಮುತ್ತಲಿನ ಒಂದೆರಡು ಕಿಲೋಮೀಟರನ್ನೇ ತೆಗೆದುಕೊಳ್ಳಿ. ಕೋಟೆ ಕೇಂದ್ರದ ಪುರಾತತ್ವದವರದು. ಬೀಚ್ ಪಾರ್ಕ್ 1995ರಲ್ಲಿ ಶುರುವಾದ ಬೇಕಲ ರೆಸಾರ್ಟ್ಸ್ ಅಭಿವೃದ್ಧಿ ನಿಗಮದ್ದು. ತಡೆಗೋಡೆ ನೀರಾವರಿ ಇಲಾಖೆಯದು. ಕರಾವಳಿ ಹೆದ್ದಾರಿ ಕೇರಳ ರೋಡ್ ಫಂಡ್ ಬೋರ್ಡಿನದು, ದುಡ್ಡು ಕಿಫ್ಬಿಯದು, ಅಂದರೆ ಕೇರಳದ ಮೂಲಸೌಕರ್ಯ ಹೂಡಿಕೆ ನಿಧಿ ಮಂಡಳಿಯದು. ಬಂದರು ಹಾರ್ಬರ್ ಎಂಜಿನಿಯರಿಂಗಿನದು. ಒಳದಾರಿ ಪಂಚಾಯತಿನದು. ಹಳಿ ರೈಲ್ವೆಯದು. ಗೋಡೆಯಿಂದ ಬಿದ್ದ ಒಂದು ಕಲ್ಲು ದಾರಿಗೆ ಉರುಳಿದರೆ ಅದನ್ನು ಎತ್ತಬೇಕಾದವರು ಯಾರು ಅಂತ ಕೇಳಿ ನೋಡಿ. ತಮಾಷೆಯಾಗಿರುತ್ತದೆ.

ಕಾನೂನು ಮಾತ್ರ ಈ ವಿಷಯದಲ್ಲಿ ಸ್ಪಷ್ಟ ಇದೆ. 1958ರ ಪುರಾತನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟೋಣಕ್ಕೆ ಅವಕಾಶ ಇಲ್ಲ. ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೂ ಪಾರಂಪರಿಕ ತಾಣಗಳನ್ನು ಅತಿ ಸೂಕ್ಷ್ಮ ಜಾಗಗಳ ಸಾಲಿನಲ್ಲಿ ಇಟ್ಟಿದೆ. ಅಂದರೆ 14 ಮೀಟರ್ ಅಗಲದ ಹೆದ್ದಾರಿಯನ್ನು ಕೋಟೆಯ ಬುಡಕ್ಕೆ ತರಲು ಆಗುವುದಿಲ್ಲ, ತರಲೂ ಬಾರದು. ಆದರೆ ಈಗ ಇರುವ ಕೋಟೆ ದಾರಿ, ಪಳ್ಳಿಕ್ಕರೆ ಬೀಚಿನ ಕಾಲುದಾರಿ, ಊರಿನ ಒಳರಸ್ತೆ ಇವನ್ನು ಸೈಕಲಿಗೆ ಜೋಡಿಸುವುದಕ್ಕೆ ಹೊಸ ಕಟ್ಟೋಣವೇ ಬೇಡ. ಕಾರಿನ ವೇಗ ಇಳಿಸಬೇಕು, ಗುಂಡಿ ಮುಚ್ಚಬೇಕು, ದಿಕ್ಕು ತೋರಿಸುವ ಫಲಕ ಹಾಕಬೇಕು. ಸೈಕಲಿಗೆ ಈ ಕಾನೂನು ಅಡ್ಡಿಯಾಗುವುದಿಲ್ಲ. ಕಾರನ್ನು ದೂರ ಇಡುವುದರಿಂದ ಅದು ಸೈಕಲಿನ ಕಡೆಯೇ ಇದೆ.

ಸೈಕಲ್ ಕೋಟೆಯ ಒಳಗೆ ಬೇಡ. ಗೋಡೆಯ ಮೇಲಂತೂ ಬೇಡವೇ ಬೇಡ. ಅಲ್ಲಿ ನಡೆಯುವವರೇ ಜಾಸ್ತಿಯಾಗಿ ಅಂಚು ಸವೆಯುತ್ತಿದೆ. ಬಾಗಿಲಲ್ಲಿ ನೆರಳಿರುವ ಸ್ಟ್ಯಾಂಡ್, ಬೀಗ ಹಾಕಲು ಕಂಬಿ, ಸ್ವಲ್ಪ ಸಿಹಿನೀರು ಇದ್ದರೆ ಸಾಕು. ಸಿಹಿನೀರು ಯಾಕೆ ಅಂದರೆ, ಕಡಲ ಬದಿ ತುಳಿದ ಸೈಕಲಿನ ಚೈನು ತೊಳೆಯದಿದ್ದರೆ ಒಂದು ವಾರದಲ್ಲಿ ಕೆಂಪಾಗುತ್ತದೆ.

ಇನ್ನು ದುಡ್ಡಿನ ವಿಷಯ. ಕೋಟೆಗೆ 25 ರೂಪಾಯಿ ಟಿಕೆಟ್. ಆ ದುಡ್ಡು ಡೆಲ್ಲಿಯ ಖಜಾನೆ ಸೇರುತ್ತದೆ. ಬೇಕಲದಲ್ಲಿ ಎಷ್ಟು ಜನ ಬಂದರೋ ಅಷ್ಟು ಸುಣ್ಣ ಬೇಕಲಕ್ಕೆ ಬರುತ್ತದೆ ಅಂತ ಇಲ್ಲ. ಬೀಚಿನ ಪ್ರವೇಶ, ಪಾರ್ಕಿಂಗ್ ಶುಲ್ಕ ಇನ್ನೊಂದು ಚೀಲಕ್ಕೆ. ಕರಾವಳಿ ಹೆದ್ದಾರಿಯ ದುಡ್ಡು ಸಾಲದ್ದು, ಅದು ಕಟ್ಟಲು ಮಾತ್ರ. ಕಟ್ಟಿ ಮುಗಿಸಿ ಗುತ್ತಿಗೆದಾರನ ಹೊಣೆಯ ಅವಧಿ ಕಳೆದ ಮೇಲೆ ಆ ಟ್ರ್ಯಾಕಿನ ಮೇಲೆ ಬಿದ್ದ ಮರಳನ್ನು ಗುಡಿಸಲೂ ಬೇರೆ ದುಡ್ಡು ಹುಡುಕಬೇಕು. ಕಡಲ ಬದಿಯಲ್ಲಿ ಮರಳು ದಿನಾ ಬೀಳುತ್ತದೆ. ಮರಳಿನ ಮೇಲೆ ಸೈಕಲ್ ಜಾರುತ್ತದೆ. ಗುಡಿಸದ ಟ್ರ್ಯಾಕಿನಲ್ಲಿ ಆರು ತಿಂಗಳ ನಂತರ ಯಾರೂ ತುಳಿಯುವುದಿಲ್ಲ, ಆಮೇಲೆ ಅಲ್ಲಿ ಕಾರು ನಿಲ್ಲುತ್ತದೆ, ಅದರಾಚೆ ಐಸ್‌ಕ್ರೀಮ್ ಗಾಡಿ.

ಇದಕ್ಕೆ ದಾರಿ ಇಲ್ಲದಿಲ್ಲ. ಪಾರ್ಕಿಂಗ್ ಶುಲ್ಕದಲ್ಲಿ ಒಂದು ಪಾಲನ್ನು ಪಳ್ಳಿಕ್ಕರೆ, ಉದುಮ, ಚೆಮ್ನಾಡು ಪಂಚಾಯತುಗಳು ಸೇರಿ ದುರಸ್ತಿಗೆ ಅಂತ ಎತ್ತಿಡಬಹುದು. ಕಾರಿನಲ್ಲಿ ಬಂದವರು ಕೊಟ್ಟ ದುಡ್ಡಿನಲ್ಲಿ ಸೈಕಲ್ ದಾರಿ ಗುಡಿಸುವುದು, ಚಂದ್ರಗಿರಿ ಗೋಡೆಯ ಗಿಡ ಕೀಳುವುದು. ಉದ್ಯೋಗ ಖಾತರಿಯ ಕೆಲಸದಲ್ಲಿ ಹೊಳೆ, ತೋಡು ಬಿಡಿಸಿ ಗೊತ್ತಿರುವ ಹೆಂಗಸರು ಪ್ರತಿ ಊರಲ್ಲೂ ಇದ್ದಾರೆ. ಪುರಾತತ್ವದವರ ಕಣ್ಗಾವಲಿನಲ್ಲಿ ಯಾವ ಗಿಡ ಕೀಳಬೇಕು, ಯಾವುದನ್ನು ಕಡಿದು ಬಿಡಬೇಕು ಅಂತ ಕಲಿತರೆ ಈ ಕೆಲಸ ಅವರಿಗೆ ಕಷ್ಟವಲ್ಲ. ಮುರಕಲ್ಲು ಕಟ್ಟುವ ಮೇಸ್ತ್ರಿಗಳೂ ನಮ್ಮಲ್ಲೇ ಇದ್ದಾರೆ. ಸುಣ್ಣದ ಗಾರೆ ಕಲಸುವ ಕೈ ಮಾತ್ರ ಕಡಿಮೆಯಾಗುತ್ತಿದೆ. ಅದನ್ನು ಈಗಲೇ ಹತ್ತು ಜನರಿಗೆ ಕಲಿಸದಿದ್ದರೆ ನಾಳೆ ದುಡ್ಡು ಬಂದರೂ ಸಿಮೆಂಟೇ ಗತಿ.

ನನ್ನನ್ನು ಕೇಳಿದರೆ 28 ಕಿಲೋಮೀಟರನ್ನು ಒಮ್ಮೆಲೇ ಮುಟ್ಟಬಾರದು. ಬೇಕಲ ಕೋಟೆಯಿಂದ ಪಳ್ಳಿಕ್ಕರೆ ಬೀಚಿನ ತನಕದ ಚಿಕ್ಕ ತುಂಡು ಸಾಕು, ನವೆಂಬರಿನಿಂದ ಫೆಬ್ರವರಿ ತನಕ, ಭಾನುವಾರ ಬೆಳಗ್ಗೆ ಕಾರು ಬಿಡದೆ. ಖರ್ಚು ಅಂದರೆ ಒಂದಷ್ಟು ಬ್ಯಾರಿಕೇಡು, ಇಬ್ಬರು ಪೊಲೀಸರು. ಯಾರಿಗೆ ತೊಂದರೆಯಾಯಿತು, ಅಂಗಡಿಯವರ ವ್ಯಾಪಾರ ಏರಿತೋ ಇಳಿಯಿತೋ, ಮೀನಿನ ಟೆಂಪೋ ಹೇಗೆ ಹೋಯಿತು ಅಂತ ನೋಡಬೇಕು. ಮೀನಿನ ಗಾಡಿಗೆ ಎಲ್ಲ ಹೊತ್ತಿಗೂ ದಾರಿ ಬಿಡಬೇಕು, ಅದರಲ್ಲಿ ಚೌಕಾಸಿ ಇಲ್ಲ. ಒಂದು ವರ್ಷ ಹೀಗೆ ನಡೆದರೆ ಟ್ರ್ಯಾಕ್ ಎಲ್ಲಿ ಬೇಕು, ಎಷ್ಟು ಅಗಲ ಬೇಕು ಅಂತ ನಕ್ಷೆ ಮಾಡುವವರಿಗೂ ಗೊತ್ತಾಗುತ್ತದೆ. ಎರಡನೇ ವರ್ಷ ಚಂದ್ರಗಿರಿ ಕಡೆಯಿಂದ ಜೋಡಿಸಬಹುದು. ತೃಕ್ಕನ್ನಾಡಿನಲ್ಲಿ ದಾರಿ ಒಳಗೆ ಹೋಗಲಿ, ಕಡಲಿನ ಜೊತೆ ಹಟ ಬೇಡ.

ಇನ್ನೊಂದು ವಿಷಯ, ನಮ್ಮ ಭಾಷೆಯದು. ಹೆದ್ದಾರಿಯ ನಕ್ಷೆ, ಕರಾವಳಿ ವಲಯದ ನಕ್ಷೆ, ಅಹವಾಲು ಸಭೆಯ ನೋಟೀಸು ಇವೆಲ್ಲ ಹೆಚ್ಚಾಗಿ ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ ಬರುತ್ತವೆ. ಮಂಜೇಶ್ವರ, ಕುಂಬಳೆಯ ಪಟ್ಣದಲ್ಲಿ ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ತಮ್ಮ ಮನೆ ಗೆರೆಯ ಯಾವ ಬದಿಯಲ್ಲಿದೆ ಅಂತ ತಿಳಿಯುವುದು ಪಕ್ಕದವರು ಹೇಳಿದ ಮೇಲೆ. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶ ಇದೆ. ಅದನ್ನು ಈ ವಿಷಯಕ್ಕೂ ಬಳಸಬೇಕು. ಮುಂದಿನ ಗ್ರಾಮಸಭೆಗೆ ಹೋಗುವವರು ಎರಡು ಪ್ರಶ್ನೆ ಕನ್ನಡದಲ್ಲಿ ಬರೆದುಕೊಂಡು ಹೋಗಿ: ನಮ್ಮ ಪಂಚಾಯತಿನಲ್ಲಿ ಟ್ರ್ಯಾಕ್ ಯಾವ ಸರ್ವೆ ನಂಬರುಗಳ ಮೂಲಕ ಹೋಗುತ್ತದೆ? ಕಟ್ಟಿ ಮುಗಿದ ಮೇಲೆ ಅದನ್ನು ನೋಡಿಕೊಳ್ಳಲು ವರ್ಷಕ್ಕೆ ಎಷ್ಟು, ಯಾರ ಲೆಕ್ಕದಿಂದ? ಎರಡನೇ ಪ್ರಶ್ನೆಗೆ ಲಿಖಿತ ಉತ್ತರ ಬರುವ ತನಕ ಮೊದಲನೆಯದಕ್ಕೆ ಒಪ್ಪಿಗೆ ಕೊಡುವ ಅವಸರ ಬೇಡ.